ಬಿಟ್ಟ ಗಿಡುಗ ಮತ್ತೆ ಕೈಗೇ ಯಾಕೆ ಬರುತ್ತದೆ?

ಸುಮ್ನೆ_ಕೇಳ್ದೆ:

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ನಿದ್ದೆ ಬಾರದೆ ಒಂದಾದ ಮೇಲೊಂದು ವಿಡಿಯೊ ನೋಡುತ್ತಾ ಹೋದೆ, ಕೊನೆಗೆ ಗಿಡುಗದ ಬೇಟೆಯ ವಿಡಿಯೊಗಳಲ್ಲಿ ಸಿಕ್ಕಿಹಾಕಿಕೊಂಡೆ. ಒಬ್ಬ ಮನುಷ್ಯ ಹಕ್ಕಿಯ ತಲೆಯಿಂದ ಚರ್ಮದ ಟೋಪಿ ತೆಗೆಯುತ್ತಾನೆ, ಕೈ ಎತ್ತುತ್ತಾನೆ, ಹಕ್ಕಿ ಹಾರಿ ಹಾರಿ ಒಂದು ಚುಕ್ಕೆಯಷ್ಟಾಗುತ್ತದೆ. ಆಮೇಲೆ ಕಲ್ಲು ಬಿದ್ದ ಹಾಗೆ ಕೆಳಗೆ ಬರುತ್ತದೆ. ಇಲ್ಲಿಯವರೆಗೆ ಸರಿ. ನನಗೆ ಅರ್ಥವಾಗದೇ ಇರುವುದು ಅದರ ನಂತರದ ಭಾಗ. ಸ್ವಂತ ಬಲದಿಂದ ಬೇಟೆ ಆಡಬಲ್ಲ ಹಕ್ಕಿ, ಕಾಲಿಗೆ ದಾರವೂ ಇಲ್ಲ, ಇಡೀ ಆಕಾಶ ಬಿದ್ದಿದೆ, ಆದರೂ ಅದು ಆ ಮನುಷ್ಯನ ಕೈ ಮೇಲೆ ಬಂದು ಯಾಕೆ ಕೂರುತ್ತದೆ? ನಾಯಿಯಾದರೆ ಪ್ರೀತಿಗೆ ಬರುತ್ತದೆ ಅನ್ನಬಹುದು. ಗಿಡುಗಕ್ಕೆ ಏನು ಕರ್ಮ?

ಇನ್ನೂ ಕೆಲವು ಸಣ್ಣ ಪ್ರಶ್ನೆಗಳಿವೆ. ಇದು ಯುನೆಸ್ಕೊ ಪರಂಪರೆಯ ಪಟ್ಟಿಯಲ್ಲಿದೆ ಎಂದು ವಿಡಿಯೊ ಕೆಳಗೆ ಯಾರೋ ಬರೆದಿದ್ದರು, ನಿಜವಾ? ಇದು ಅರಬರ ಆಟ ಅಂತ ನಾನು ಅಂದುಕೊಂಡಿದ್ದೆ, ಬೇರೆ ಕಡೆಯೂ ಇತ್ತಾ? ಕೊನೆಯದು, ಬೈದರೂ ಪರವಾಗಿಲ್ಲ, ಕೇಳಿಯೇ ಬಿಡುತ್ತೇನೆ. ಕಣ್ಣು ಮುಚ್ಚಿ ಕಾಲು ಕಟ್ಟಿ ಇಡುವುದನ್ನು ಕಲೆ ಅನ್ನಬೇಕಾ?

ಕೈಗವಸು:

ಮೊದಲನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಮಿಕ್ಕಿದ್ದನ್ನು ಓದಿಕೊಂಡವರು ಹೇಳಲಿ. ಕೆಲಸದ ಮೇಲೆ ಹೊರದೇಶದಲ್ಲಿದ್ದಾಗ ಎರಡು ಚಳಿಗಾಲ, ರಜೆ ಸಿಕ್ಕಾಗಲೆಲ್ಲ, ಗಿಡುಗ ಸಾಕುವವರೊಬ್ಬರ ಹತ್ತಿರ ಕೈಯಾಳಾಗಿದ್ದೆ. ದೊಡ್ಡ ಅನುಭವ ಅಂತ ತಿಳಿಯಬೇಡಿ. ಹಕ್ಕಿ ಹಾರಿಸಿದ್ದಕ್ಕಿಂತ ಹಿಕ್ಕೆ ತೊಳೆದದ್ದೇ ಜಾಸ್ತಿ.

ನಿಮ್ಮ ಪ್ರಶ್ನೆಯನ್ನೇ ನಾನು ಮೊದಲ ದಿನ ಅವರಿಗೆ ಕೇಳಿದ್ದೆ. ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ, ಒಂದು ತಕ್ಕಡಿ ತೋರಿಸಿದರು. ಅಂಗಡಿಯ ತಕ್ಕಡಿಯಂಥದ್ದೇ, ಆದರೆ ತಟ್ಟೆಯ ಜಾಗದಲ್ಲಿ ಹಕ್ಕಿ ಕೂರಲು ಒಂದು ಕೊಂಬೆ. ಪಕ್ಕದ ಗೋಡೆಗೆ ಕಪ್ಪು ಹಲಗೆ, ಅದರ ಮೇಲೆ ದಿನಾಂಕ, ಗ್ರಾಂ, ಹಿಂದಿನ ದಿನ ಎಷ್ಟು ತಿಂದಿತು, ಚಳಿ ಎಷ್ಟಿತ್ತು, ಎಲ್ಲ ಬರೆದಿತ್ತು. ಗಿಡುಗ ಸಾಕುವುದು ಅಂದರೆ ಮುಕ್ಕಾಲು ಪಾಲು ಆ ಹಲಗೆಯೇ. ಗಂಡು ಬೈರಿ, ಅಂದರೆ ಪೆರೆಗ್ರಿನ್, ಸುಮಾರು 600 ಗ್ರಾಂ ತೂಗುತ್ತದೆ. ಅದರಲ್ಲಿ 15 ಗ್ರಾಂ ಜಾಸ್ತಿ ಇದ್ದರೆ ಅದು ಹೊಟ್ಟೆ ತುಂಬಿದ ಹಕ್ಕಿ, ಹಾರಿಸಿದರೆ ಯಾವುದೋ ಮರದ ತುದಿಯಲ್ಲಿ ಕೂತು ಗರಿ ತೀಡಿಕೊಳ್ಳುತ್ತದೆ, ನೀವು ಕೆಳಗೆ ನಿಂತು ಕೂಗಿಕೊಳ್ಳಿ. ಕಡಿಮೆಯಾದರೆ ನಿತ್ರಾಣ, ಅದು ಅಪಾಯ. ನಡುವೆ ಒಂದು ಸಣ್ಣ ಜಾಗ ಇದೆ, ಹಸಿವೂ ಇದೆ ಶಕ್ತಿಯೂ ಇದೆ ಅನ್ನುವ ಜಾಗ. ಅದಕ್ಕೆ ಹಾರುವ ತೂಕ ಅನ್ನುತ್ತಾರೆ. ಪ್ರತಿ ಹಕ್ಕಿಗೂ ಅದು ಬೇರೆ, ಚಳಿ ಹೆಚ್ಚಾದ ದಿನ ಮತ್ತೆ ಬೇರೆ.

ಹಾಗಂತ ಹಸಿವು ಒಂದರಿಂದಲೇ ಬರುತ್ತದೆ ಅಂದುಕೊಳ್ಳಬೇಡಿ. ನಾಯಿ, ಕುದುರೆ, ಆನೆ ಇವೆಲ್ಲ ಗುಂಪಿನ ಪ್ರಾಣಿಗಳು, ಯಜಮಾನ ಅನ್ನುವುದು ಅವಕ್ಕೆ ಅರ್ಥವಾಗುತ್ತದೆ. ಗಿಡುಗ ಒಂಟಿ ಜೀವ. ಅದಕ್ಕೆ ಯಾರ ಮಾತನ್ನೂ ಕೇಳಿ ಗೊತ್ತಿಲ್ಲ. ಒಮ್ಮೆ ಹೊಡೆದರೆ ಮುಗಿಯಿತು, ನಿಮ್ಮ ಮುಖವನ್ನೇ ಶತ್ರು ಅಂತ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಬೆದರಿಸಿ ಕಲಿಸುವ ದಾರಿಯೇ ಇಲ್ಲ. ಕಾಡಿನಲ್ಲಿ ಅದು ಎರಗಿದ ಬಹಳಷ್ಟು ಸಲ ಬೇಟೆ ತಪ್ಪಿಸಿಕೊಳ್ಳುತ್ತದೆ, ಮರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ ವರ್ಷವನ್ನೇ ದಾಟುವುದಿಲ್ಲ. ಇಲ್ಲಿ ನೋಡಿದರೆ ಒಬ್ಬ ಮನುಷ್ಯ, ಒಂದು ನಾಯಿ, ಇಬ್ಬರೂ ಸೇರಿ ಪೊದೆ ಬಡಿದು ಹಕ್ಕಿ ಎಬ್ಬಿಸಿ ಕೊಡುತ್ತಿದ್ದಾರೆ. ತಪ್ಪಿದರೂ ಕೈಗವಸಿನ ಮೇಲೆ ಒಂದು ತುಂಡು ಮಾಂಸ ಗ್ಯಾರಂಟಿ. ಗಿಡುಗದ ಲೆಕ್ಕದಲ್ಲಿ ನೀವು ಅದರ ಆಳು. ಆಳು ಚೆನ್ನಾಗಿ ಕೆಲಸ ಮಾಡುತ್ತಿರುವ ತನಕ ಅದು ಬರುತ್ತದೆ.

ಕಲಿಸುವ ಕ್ರಮವೂ ಅದೇ ಲೆಕ್ಕದ ಮೇಲೆ. ಮೊದಲು ಸುಮ್ನೆ ಕೈ ಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ಕೂರುವುದು, ಕತ್ತಲಲ್ಲಿ, ಆಮೇಲೆ ಮಬ್ಬು ಬೆಳಕಲ್ಲಿ, ಆಮೇಲೆ ಜನರ ನಡುವೆ. ಅದು ನಿಮ್ಮ ಕೈ ಮೇಲೆಯೇ ತಲೆ ಬಗ್ಗಿಸಿ ತಿಂದಿತು ಅಂದರೆ ಅರ್ಧ ಗೆದ್ದ ಹಾಗೆ, ಯಾಕೆಂದರೆ ಕಣ್ಣನ್ನು ನಿಮ್ಮಿಂದ ತೆಗೆಯುವಷ್ಟು ನಂಬಿಕೆ ಬಂದಿದೆ. ನಂತರ ಒಂದು ಹೆಜ್ಜೆ, ಒಂದು ಜಿಗಿತ, ಆಮೇಲೆ ಉದ್ದ ದಾರ ಕಟ್ಟಿ ಹತ್ತು ಮಾರು, ಐವತ್ತು ಮಾರು. ಬೈರಿಗಾದರೆ ಇದರ ಜೊತೆಗೆ ದಾರದ ತುದಿಗೆ ರೆಕ್ಕೆ ಕಟ್ಟಿ ಗಾಳಿಯಲ್ಲಿ ತಿರುಗಿಸುವ ಆಟ, ಅದಕ್ಕೆ ಲ್ಯೂರ್ ಅನ್ನುತ್ತಾರೆ. ಕೊನೆಗೊಂದು ದಿನ ದಾರ ಬಿಚ್ಚುತ್ತಾರೆ. ಆ ದಿನ ಸಾಕಿದವರ ಮುಖ ನೋಡಬೇಕು. ಮೂವತ್ತು ವರ್ಷ ಮಾಡಿದವರ ಕೈಯೂ ನಡುಗುತ್ತದೆ.

ಟೋಪಿ ಬಗ್ಗೆ ಒಂದು ಮಾತು. ಈ ಹಕ್ಕಿಯ ಇಡೀ ಜಗತ್ತು ಕಣ್ಣಿನಲ್ಲಿದೆ. ಅದನ್ನು ಮುಚ್ಚಿದ ತಕ್ಷಣ ಅದಕ್ಕೆ ರಾತ್ರಿ, ರೆಕ್ಕೆ ಮಡಚಿ ಸುಮ್ಮನಾಗುತ್ತದೆ. ವಾಹನದಲ್ಲಿ ಟೋಪಿ ಇಲ್ಲದೆ ಒಯ್ದರೆ ಪ್ರತಿ ತಿರುವಿನಲ್ಲೂ ಹೆದರಿ ಬಡಿದುಕೊಂಡು ಗರಿ ಮುರಿದುಕೊಳ್ಳುತ್ತದೆ. ಕಣ್ಣಿಗೆ ತಾಗದ ಹಾಗೆ ಒಂದೊಂದು ಹಕ್ಕಿಯ ತಲೆಗೂ ಅಳತೆ ಮಾಡಿ ಹೊಲಿಯಬೇಕು. ಬಿಗಿಯಾದ ಕೆಟ್ಟ ಟೋಪಿ ಹಾಕುವವರೂ ಇದ್ದಾರೆ, ಅವರ ಬಗ್ಗೆ ನಿಮ್ಮ ಕೊನೆಯ ಪ್ರಶ್ನೆ ಸರಿಯಾಗಿಯೇ ಇದೆ.

ಹಳೇಪುಟ:

ಕೈಗವಸು ಅವರ ಉತ್ತರ ಓದಿ ಖುಷಿಯಾಯಿತು. ಇತಿಹಾಸದ ಕಡೆ ನಾನು ಸ್ವಲ್ಪ ಹೇಳುತ್ತೇನೆ, ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಅರಬರದ್ದು ಮಾತ್ರ ಅಲ್ಲವೇ ಅಲ್ಲ. ಮೊದಲು ನಮ್ಮ ಭಾಷೆಯನ್ನೇ ಕೇಳಿ. ಡೇಗೆ ಅನ್ನುವ ಪದ ಇದೆ, ಅದೂ ಗಿಡುಗವೇ, ಸಾಳುವ ಅನ್ನುವ ಪದ ಇದೆ. ಸಾಳುವ ಅಂದರೆ ಬೇಟೆಗೆ ಬಳಸುವ ಗಿಡುಗ, ವಿಜಯನಗರವನ್ನು ಆಳಿದ ಸಾಳುವ ನರಸಿಂಹನ ಮನೆತನದ ಹೆಸರು ಅಲ್ಲಿಂದಲೇ ಬಂದದ್ದು ಎನ್ನುತ್ತಾರೆ. ಬಳಸುವ ಹಕ್ಕಿಗೇ ಬೇರೆ ಹೆಸರು ಇಟ್ಟುಕೊಂಡ ಭಾಷೆಯವರಿಗೆ ಈ ಆಟ ಹೊಸದಾಗಿರಲು ಸಾಧ್ಯವಾ? ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಶ್ಯೇನವಿನೋದ ಎಂದು ಒಂದು ಭಾಗವೇ ಇದೆ. ಅಡುಗೆ, ಸಂಗೀತ, ಆನೆ, ಕುಸ್ತಿ ಇವೆಲ್ಲದರ ಸಾಲಿನಲ್ಲಿ ಗಿಡುಗವನ್ನೂ ರಾಜನ ವಿನೋದವಾಗಿ ಕೂರಿಸಿದ್ದಾನೆ. 16ನೇ ಶತಮಾನದಲ್ಲಿ ಕುಮಾವುನ ರಾಜ ರುದ್ರದೇವ ಇದೇ ವಿಷಯಕ್ಕೆಂದು ಸಂಸ್ಕೃತದಲ್ಲಿ ಶ್ಯೈನಿಕ ಶಾಸ್ತ್ರ ಬರೆದ. ಹಕ್ಕಿಗೆ ಏನು ತಿನ್ನಿಸಬೇಕು, ಕಾಯಿಲೆ ಬಂದರೆ ಏನು ಮಾಡಬೇಕು, ಎಲ್ಲ ಅದರಲ್ಲಿದೆ. 17ನೇ ಶತಮಾನದ ಪಶ್ತೊ ಕವಿ ಖುಶಾಲ್ ಖಾನ್ ಖಟಕ್ ಕೂಡ ಬಾಜ್‌ನಾಮಾ, ಅಂದರೆ ಗಿಡುಗದ ಪುಸ್ತಕ, ಬರೆದಿದ್ದಾನೆ. ಕತ್ತಿ ಹಿಡಿದವನು, ಕವಿತೆ ಬರೆದವನು, ಜೊತೆಗೆ ಗಿಡುಗದ ಹೊಟ್ಟೆನೋವಿಗೂ ಮದ್ದು ಹುಡುಕಿದವನು!

ಗುರು ಗೋವಿಂದ ಸಿಂಗರ ಚಿತ್ರಗಳಲ್ಲಿ ಕೈ ಮೇಲೆ ಬಿಳಿ ಬಾಜ್ ಕೂತಿರುತ್ತದಲ್ಲ, ಅದೂ ಇದೇ ಪರಂಪರೆ. ಪಂಜಾಬಿನ ರಾಜ್ಯಪಕ್ಷಿ ಇವತ್ತಿಗೂ ಅದೇ.

ಜಪಾನಿಗೆ ಇದು ಕೊರಿಯಾದ ಬೇಕ್ಜೆ ರಾಜ್ಯದವರ ಮೂಲಕ ಬಂತು ಎಂದು ಅವರ ಹಳೆಯ ಚರಿತ್ರೆ ನಿಹೊನ್ ಶೊಕಿ ಹೇಳುತ್ತದೆ. ಅಲ್ಲಿ ಅದರ ಹೆಸರು ತಕಗರಿ. ಶೋಗನ್, ಅಂದರೆ ದೇಶ ಆಳುವ ಸೇನಾಧಿಪತಿ, ತೊಕುಗಾವಾ ಇಯೆಯಸುಗೆ ಇದರ ಹುಚ್ಚು ಎಷ್ಟಿತ್ತೆಂದರೆ ಅದನ್ನು ವ್ಯಾಯಾಮ ಅಂತಲೇ ಮಾಡುತ್ತಿದ್ದ. ಅದೇ ಮನೆತನದ ಐದನೇ ಶೋಗನ್ ತ್ಸುನಯೊಶಿಗೆ ಪ್ರಾಣಿದಯೆ ಜಾಸ್ತಿಯಾಗಿ ಇದನ್ನು ನಿಲ್ಲಿಸಿದ, ಎಂಟನೆಯವನು ಯೊಶಿಮುನೆ ಮತ್ತೆ ಶುರು ಮಾಡಿಸಿದ. ಕಲೆಯಾ ಕ್ರೌರ್ಯವಾ ಅನ್ನುವ ನಿಮ್ಮ ಜಗಳ ಮುನ್ನೂರು ವರ್ಷದ ಹಿಂದೆ ಒಂದೇ ಮನೆಯಲ್ಲಿ ನಡೆದಿತ್ತು ನೋಡಿ.

ಆದರೆ ನನ್ನ ಮೆಚ್ಚಿನವನು 13ನೇ ಶತಮಾನದ ಯೂರೋಪಿನ ಚಕ್ರವರ್ತಿ ಎರಡನೇ ಫ್ರೆಡರಿಕ್. ಸಿಸಿಲಿಯಲ್ಲಿ ಬೆಳೆದವನು. ಅರಬ್ಬಿಯಲ್ಲಿದ್ದ ಗಿಡುಗದ ಗ್ರಂಥವನ್ನು ಲ್ಯಾಟಿನ್‌ಗೆ ಅನುವಾದ ಮಾಡಿಸಿದ, ಟೋಪಿ ಹಾಕುವುದನ್ನು ಅರಬರಿಂದ ಕಲಿತೆ ಎಂದು ತಾನೇ ಒಪ್ಪಿಕೊಂಡ. ಆಮೇಲೆ ಹಕ್ಕಿಗಳಿಂದ ಬೇಟೆಯಾಡುವ ಕಲೆ ಎಂದು ಆರು ಭಾಗದ ಗ್ರಂಥ ಬರೆದ. ಅದರ ಮೊದಲ ಭಾಗ ಬೇಟೆಯ ಬಗ್ಗೆ ಅಲ್ಲವೇ ಅಲ್ಲ, ಹಕ್ಕಿಗಳ ಬಗ್ಗೆ: ಮೂಳೆ, ಗರಿ, ವಲಸೆ, ಗೂಡು. ಅರಿಸ್ಟಾಟಲ್ ಹೇಳಿದ್ದೆಲ್ಲ ಸತ್ಯ ಎಂದು ಎಲ್ಲರೂ ತಲೆ ಆಡಿಸುತ್ತಿದ್ದ ಕಾಲದಲ್ಲಿ ಇವನು, ಆತ ಗಿಡುಗ ಹಾರಿಸಿದವನೇ ಅಲ್ಲ, ಅವನ ಮಾತನ್ನು ಹೇಗೆ ನಂಬುವುದು ಎಂಬ ಧಾಟಿಯಲ್ಲಿ ಬರೆಯುತ್ತಾನೆ. ರಣಹದ್ದು ಹೆಣವನ್ನು ಮೂಸಿ ಕಂಡುಹಿಡಿಯುತ್ತದೆ ಎಂಬ ನಂಬಿಕೆ ಇತ್ತು. ಇವನು ರಣಹದ್ದಿನ ಕಣ್ಣು ಮುಚ್ಚಿಸಿ ಮುಂದೆ ಮಾಂಸ ಇಡಿಸಿದ, ಮೂಗು ತೆರೆದೇ ಇತ್ತು, ಅದಕ್ಕೆ ಗೊತ್ತೇ ಆಗಲಿಲ್ಲ. ಸರಿ, ಕಣ್ಣೇ ಮುಖ್ಯ ಎಂದು ಬರೆದುಕೊಂಡ.

ಇದೇ ಹುಚ್ಚು ಅವನಿಗೆ ಕೈಯೂ ಕೊಟ್ಟಿತು. 1248ರ ಫೆಬ್ರವರಿಯಲ್ಲಿ ಪಾರ್ಮಾ ಊರಿಗೆ ಮುತ್ತಿಗೆ ಹಾಕಿ ಕೂತಿದ್ದ. ಒಂದು ದಿನ ಗಿಡುಗ ತೆಗೆದುಕೊಂಡು ಬೇಟೆಗೆ ಹೋದ. ಅವನು ಹೋದದ್ದೇ ತಡ, ಊರಿನವರು ಬಾಗಿಲು ತೆರೆದು ನುಗ್ಗಿ ಅವನ ಶಿಬಿರವನ್ನೇ ಸುಟ್ಟು ದೋಚಿಕೊಂಡು ಹೋದರು. ಅವನ ಚೆಂದದ ಗ್ರಂಥದ ಪ್ರತಿಯೂ ಆ ದೋಚಿನಲ್ಲೇ ಹೋಯಿತು. ಮಗ ಮ್ಯಾನ್‌ಫ್ರೆಡ್ ಮುಂದೆ ಸಿದ್ಧಪಡಿಸಿದ ಪ್ರತಿ ಈಗ ವ್ಯಾಟಿಕನ್ ಗ್ರಂಥಾಲಯದಲ್ಲಿದೆ, ಅಂಚಿನ ತುಂಬಾ ಬಣ್ಣದ ಹಕ್ಕಿಗಳು.

ಇನ್ನೆರಡು ತುಣುಕು ಹೇಳಿ ಮುಗಿಸುತ್ತೇನೆ. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮಾಲ್ಟಾ ದ್ವೀಪವನ್ನು ಹಾಸ್ಪಿಟಲರ್ ಎಂಬ ಕ್ರೈಸ್ತ ಪಂಥದ ಯೋಧರಿಗೆ ಬಿಟ್ಟುಕೊಟ್ಟಾಗ ಕೇಳಿದ ಬಾಡಿಗೆ ವರ್ಷಕ್ಕೆ ಒಂದು ಗಿಡುಗ. ಲಂಡನ್ನಿನಲ್ಲಿ ಅರಮನೆಯ ಕುದುರೆ ಲಾಯಕ್ಕೆ ರಾಯಲ್ ಮ್ಯೂಸ್ ಅನ್ನುತ್ತಾರಲ್ಲ, ಅದು ಮೂಲದಲ್ಲಿ ರಾಜನ ಗಿಡುಗಗಳು ಗರಿ ಉದುರಿಸಿಕೊಳ್ಳುವ ಕಾಲದಲ್ಲಿ ಇರುತ್ತಿದ್ದ ಮನೆಯ ಹೆಸರು. ಮನೆ ಸುಟ್ಟುಹೋಗಿ ಅದೇ ಜಾಗದಲ್ಲಿ ಲಾಯ ಕಟ್ಟಿದರು, ಹೆಸರು ಉಳಿಯಿತು, ಹಕ್ಕಿ ಹೋಯಿತು. ಕೋವಿ ಬಂದ ಮೇಲೆ ಎಲ್ಲ ಕಡೆ ಆದದ್ದೂ ಹೆಚ್ಚುಕಡಿಮೆ ಅದೇ. ಒಂದು ಹಕ್ಕಿಗಾಗಿ ವಾರಗಟ್ಟಲೆ ತಕ್ಕಡಿ ಮುಂದೆ ಕೂರುವ ಬದಲು ಗುಂಡು ಹಾರಿಸಿದರಾಯಿತು ಅಲ್ವಾ?

ಯುನೆಸ್ಕೊ ವಿಷಯ ನಿಜ. 2010ರಲ್ಲಿ 11 ದೇಶಗಳ ಹೆಸರಿನಲ್ಲಿ ಪಟ್ಟಿಗೆ ಸೇರಿತು, ಆಮೇಲೆ ಬೇರೆ ದೇಶಗಳು ಸೇರಿಕೊಳ್ಳುತ್ತಾ ಹೋಗಿ 2021ಕ್ಕೆ 24 ಆದವು. ಮಂಗೋಲಿಯಾ, ಕೊರಿಯಾ, ಮೊರಾಕೊ, ಪಾಕಿಸ್ತಾನ, ಜರ್ಮನಿ, ಹಂಗೇರಿ ಎಲ್ಲ ಇವೆ.

ಬೂದುರೆಕ್ಕೆ:

ಹಳೇಪುಟ ಅವರೇ, ಕಥೆ ಚೆನ್ನಾಗಿದೆ. ಆದರೆ ರಾಜರ ಕಥೆ ಕೇಳಿ ಕೇಳಿ ಮೈಮರೆತರೆ ಹಕ್ಕಿ ಮರೆತುಹೋಗುತ್ತದೆ. ನಾನು ಹಕ್ಕಿ ನೋಡುವವನು, ಹಿಡಿಯುವವನಲ್ಲ. ನನ್ನ ತಕರಾರು ಹೇಳಿಬಿಡುತ್ತೇನೆ.

ಹಿಂದೆ ಅರಬ್ ಬೆಡೂಯಿನರು ಮಾಡುತ್ತಿದ್ದದ್ದು ಬೇರೆ. ಶರತ್ಕಾಲದಲ್ಲಿ ವಲಸೆ ಬರುವ ಗಿಡುಗವನ್ನು ಹಿಡಿಯುತ್ತಿದ್ದರು, ಎರಡು ಮೂರು ವಾರದಲ್ಲಿ ಪಳಗಿಸಿ ಚಳಿಗಾಲವೆಲ್ಲ ಮನೆಗೆ ಮಾಂಸ ತರುತ್ತಿದ್ದರು, ಬೇಸಿಗೆ ಬರುವ ಮುಂಚೆ ಬಿಟ್ಟುಬಿಡುತ್ತಿದ್ದರು. ಮರುಭೂಮಿಯ ಬಿಸಿಲಿನಲ್ಲಿ ಸಾಕುವುದು ಕಷ್ಟ, ಹಕ್ಕಿ ತನ್ನ ದಾರಿ ಹಿಡಿಯಲಿ ಎಂದು. ಅದು ಬಡವರ ಬೇಟೆ. ಹಣ ಬಂದ ಮೇಲೆ ಅದೇ ಆಟ ಜೀಪು, ರೇಡಿಯೊ, ವಿಮಾನದ ಮೇಲೆ ಹತ್ತಿತು. ಸಾಕರ್ ಎಂಬ ಗಿಡುಗಕ್ಕೆ ಬೇಡಿಕೆ ಎಷ್ಟು ಬಂತೆಂದರೆ ಮಧ್ಯ ಏಷ್ಯಾದಲ್ಲಿ ಅದನ್ನು ಕದ್ದು ಹಿಡಿದು ಮಾರುವ ದಂಧೆಯೇ ಹುಟ್ಟಿಕೊಂಡಿತು. ಇವತ್ತು ಅದು ಅಳಿವಿನಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ. ಕರೆಂಟ್ ಕಂಬಗಳೂ ಅದನ್ನು ಕೊಲ್ಲುತ್ತಿವೆ, ಒಪ್ಪುತ್ತೇನೆ, ಎಲ್ಲ ತಪ್ಪನ್ನೂ ಒಬ್ಬರ ತಲೆಗೆ ಕಟ್ಟುವುದಿಲ್ಲ.

ಬೇಟೆಯ ಆ ಕಡೆ ಇರುವ ಹುಬಾರಾ ಹಕ್ಕಿಯ ಪಾಡು ಕೇಳುವವರು ಯಾರು? ನೆಲದ ಮೇಲೆ ಓಡಾಡುವ, ಮರಳಿನ ಬಣ್ಣದ ದೊಡ್ಡ ಹಕ್ಕಿ. ಗಿಡುಗ ಹತ್ತಿರ ಬಂದರೆ ಅಂಟಂಟಾದ ಹಿಕ್ಕೆಯನ್ನು ಅದರ ಮೇಲೆ ಪಿಚಕಾರಿ ಹೊಡೆದು ರೆಕ್ಕೆ ಕಟ್ಟಿಹಾಕುತ್ತದೆ, ಭೇಷ್ ಅನ್ನಬೇಕು. ಆದರೆ ಜೀಪಿನ ಮುಂದೆ ಆ ಉಪಾಯ ನಡೆಯುವುದಿಲ್ಲ. ಚಳಿಗಾಲಕ್ಕೆ ಪಾಕಿಸ್ತಾನಕ್ಕೆ ಬರುವ ಇವುಗಳ ಬೇಟೆಯನ್ನು 2015ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪೂರ್ತಿ ನಿಷೇಧಿಸಿತು, 2016ರ ಜನವರಿಯಲ್ಲಿ ಅದೇ ಕೋರ್ಟ್ ನಿಷೇಧ ತೆಗೆಯಿತು. ನಡುವೆ ಏನಾಗಿರಬಹುದು, ನೀವೇ ಊಹಿಸಿ.

ಗಿಡುಗ ಬೇಟೆಯಾಡುವುದು ಅದರ ಸಹಜ ಗುಣ ಅಂತ ನೀವು ಅನ್ನಬಹುದು. ಸರಿ. ಕಾಡಿನಲ್ಲಿ ಅದು ಹಸಿವಾದಾಗ ಆಡುತ್ತದೆ, ನಿಮ್ಮ ರಜಾದಿನ ನೋಡಿಕೊಂಡಲ್ಲ.

ಸುಮ್ನೆ_ಕೇಳ್ದೆ:

ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಬೂದುರೆಕ್ಕೆ ಅವರ ಕೊನೆಯ ಸಾಲು ಓದಿ ನಗು ಬಂತು, ಆದರೆ ಮಾತು ನಿಜ. ಕೈಗವಸು ಅವರೇ, ನಿಮಗೆ ಒಂದು ಪ್ರಶ್ನೆ. ಹಕ್ಕಿ ವಾಪಸ್ ಬರದೇ ಹೋದದ್ದು ನೀವು ನೋಡಿದ್ದೀರಾ?

ಕೈಗವಸು:

ನೋಡಿದ್ದು ಏನು, ಕಳೆದವನೇ ನಾನು. ಎರಡನೇ ಚಳಿಗಾಲದಲ್ಲಿ. ಹಿಂದಿನ ಸಂಜೆ ಹಕ್ಕಿ ನನ್ನನ್ನೇ ನೋಡುತ್ತಿತ್ತು, ಪಾಪ ಅನ್ನಿಸಿ ಒಂದು ತುಂಡು ಜಾಸ್ತಿ ಕೊಟ್ಟೆ, ಹಲಗೆ ಮೇಲೆ ಬರೆಯಲಿಲ್ಲ. ಮರುದಿನ ತೂಕ 20 ಗ್ರಾಂ ಮೇಲಿತ್ತು. ಅವರು ಬೇಡ ಅಂದರು, ನಾನೇ ಪರವಾಗಿಲ್ಲ ಬಿಡಿ ಅಂದೆ. ಹಾರಿತು, ಒಂದು ಸುತ್ತು ಹಾಕಿತು, ಗಾಳಿ ಸಿಕ್ಕಿತು, ಹೋಯಿತು. ಬಾಲಕ್ಕೆ ಸಣ್ಣ ಟ್ರಾನ್ಸ್‌ಮಿಟರ್ ಇತ್ತು, ಅದರ ಜಾಡು ಹಿಡಿದು ಎರಡು ದಿನ ಹೊಲಗಳಲ್ಲಿ ಅಲೆದೆವು. ಟ್ರಾನ್ಸ್‌ಮಿಟರ್ ಬರುವ ಮುಂಚೆ ಬರೀ ಗೆಜ್ಜೆ. ಹಕ್ಕಿಯ ಕಾಲಿಗೆ ಕಟ್ಟುವ ಗೆಜ್ಜೆ, ಅದರಲ್ಲೂ ಲಾಹೋರಿನ ಗೆಜ್ಜೆಗೆ ಹೊರದೇಶದಲ್ಲೂ ಹೆಸರಿತ್ತು, ಸದ್ದು ಕೇಳುತ್ತಾ ಕಿವಿಯಲ್ಲೇ ಹುಡುಕಬೇಕಿತ್ತು. ಮೂರನೇ ದಿನ ಬೆಳಿಗ್ಗೆ ಒಂದು ಕಂಬದ ಮೇಲೆ ಸಿಕ್ಕಿತು, ಹಸಿದಿತ್ತು, ಲ್ಯೂರ್ ತಿರುಗಿಸಿದ ತಕ್ಷಣ ಬಂತು. ಎರಡು ಬಾಲದ ಗರಿ ಮುರಿದಿದ್ದವು. ಯಜಮಾನರು ನನಗೆ ಒಂದು ಮಾತೂ ಬೈಯಲಿಲ್ಲ. ಹಿಂದಿನ ವರ್ಷ ಉದುರಿದ ಗರಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಇಟ್ಟಿದ್ದರು, ಅದರಿಂದ ಅದೇ ಜಾಗದ ಗರಿ ಹುಡುಕಿ, ಮುರಿದದ್ದನ್ನು ಕತ್ತರಿಸಿ, ಬಿದಿರಿನ ಸಣ್ಣ ಕಡ್ಡಿ ಒಳಗೆ ಸೇರಿಸಿ ಅಂಟಿಸಿದರು. ನಾನು ಹಕ್ಕಿ ಹಿಡಿದುಕೊಂಡಿದ್ದೆ. ಜೋಡಿಸಿದ ಗೆರೆ ಹುಡುಕಿದರೂ ಕಾಣುತ್ತಿರಲಿಲ್ಲ. ಕಲೆ ಅನ್ನಬೇಕಾ ಅಂತ ಕೇಳಿದ್ದಿರಲ್ಲ, ನಾನು ಆ ಅರ್ಧ ಗಂಟೆಯನ್ನು ಕಲೆ ಅನ್ನುತ್ತೇನೆ.

ಬೂದುರೆಕ್ಕೆ ಅವರಿಗೆ: ಸಾಕರ್, ಹುಬಾರಾ ಬಗ್ಗೆ ನಿಮ್ಮ ಜೊತೆ ನನಗೆ ಜಗಳ ಇಲ್ಲ. ಈಚೆಗೆ ಎಮಿರೇಟ್ಸ್‌ನಲ್ಲಿ ಸಾಕಣೆಯಲ್ಲಿ ಹುಟ್ಟಿದ ಗಿಡುಗಗಳನ್ನೇ ಹಾರಿಸುವುದು ಜಾಸ್ತಿಯಾಗಿದೆ, 2002ರಿಂದ ಪ್ರತಿ ಹಕ್ಕಿಗೂ ಪಾಸ್‌ಪೋರ್ಟ್ ಇದೆ, ಹುಬಾರಾಗಳನ್ನೂ ಸಾಕಿ ಲಕ್ಷಗಟ್ಟಲೆ ಬಿಡುತ್ತಿದ್ದಾರೆ. ಅದು ಸಾಕಾ ಇಲ್ಲವಾ ಬೇರೆ ಮಾತು. ಆದರೆ ಬೈರಿಯ ಕಥೆಯನ್ನು ನೀವು ಬಿಟ್ಟಿರಿ. ಡಿಡಿಟಿ ಸಿಂಪಡಿಸುತ್ತಿದ್ದ ಕಾಲ. ವಿಷ ಕೀಟದಿಂದ ಸಣ್ಣ ಹಕ್ಕಿಗೆ, ಅಲ್ಲಿಂದ ಬೈರಿಗೆ ಸೇರಿ ಮೊಟ್ಟೆಯ ಚಿಪ್ಪು ತೆಳುವಾಯಿತು, ತಾಯಿ ಕಾವು ಕೊಡಲು ಕೂತರೆ ಮೊಟ್ಟೆ ಅದರ ಕೆಳಗೇ ಒಡೆಯುತ್ತಿತ್ತು. 1960ರ ದಶಕದ ನಡುವಿಗೆ ಅಮೆರಿಕದ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಮರಿ ಮಾಡುವ ಬೈರಿ ಒಂದೂ ಉಳಿದಿರಲಿಲ್ಲ. ಆಗ ಬೈರಿಯನ್ನು ಕೈಯಲ್ಲಿ ಹಿಡಿದು, ತಿನ್ನಿಸಿ, ಕಾಯಿಲೆ ವಾಸಿ ಮಾಡಿ ಗೊತ್ತಿದ್ದವರು ಯಾರಿದ್ದರು? ಗಿಡುಗ ಹಾರಿಸುವವರೇ. ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್, ಸ್ವತಃ ಗಿಡುಗ ಹಾರಿಸುತ್ತಿದ್ದವರು, 1970ರಲ್ಲಿ ಪೆರೆಗ್ರಿನ್ ಫಂಡ್ ಶುರು ಮಾಡಿದರು. ಇವರಂಥವರು ಎಷ್ಟೋ ಜನ ತಮ್ಮ ಹಕ್ಕಿಗಳನ್ನೇ ಮರಿ ಮಾಡಿಸಲು ಕೊಟ್ಟರು. ಮರಿಗಳನ್ನು ಬಂಡೆ, ಗೋಪುರ, ಎತ್ತರದ ಕಟ್ಟಡಗಳ ಮೇಲೆ ಪೆಟ್ಟಿಗೆ ಇಟ್ಟು, ಮನುಷ್ಯರು ಕಾಣದ ಹಾಗೆ ಊಟ ಕೊಟ್ಟು, ತಾವಾಗಿ ಹಾರಿಹೋಗುವ ತನಕ ಕಾದರು. ಈ ಉಪಾಯವೂ ಹೊಸದಲ್ಲ, ಗಿಡುಗದವರು ಶತಮಾನಗಳಿಂದ ಮರಿಗಳಿಗೆ ರೆಕ್ಕೆ ಬಲ ಬರಿಸಲು ಮಾಡುತ್ತಿದ್ದದ್ದೇ. 1972ರಲ್ಲಿ ಅಲ್ಲಿ ಡಿಡಿಟಿ ನಿಂತಿತು, 1999ರಲ್ಲಿ ಬೈರಿ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. ಮಾರಿಷಸ್‌ನಲ್ಲಿ ಇನ್ನೂ ಕೆಟ್ಟದಾಗಿತ್ತು, ಅಲ್ಲಿನ ಚಾಣ, ಅಂದರೆ ಕೆಸ್ಟ್ರೆಲ್ ಎಂಬ ಸಣ್ಣ ಗಿಡುಗ, 1974ರಲ್ಲಿ ಕಾಡಿನಲ್ಲಿ ಉಳಿದದ್ದು ನಾಲ್ಕೇ ನಾಲ್ಕು. ಅದನ್ನೂ ಹೀಗೇ ನೂರಾರಕ್ಕೆ ತಂದರು.

ಬೂದುರೆಕ್ಕೆ:

ಬೈರಿಯ ವಿಷಯ ಒಪ್ಪಿದೆ. ಅದಕ್ಕೆ ಬೇಕಾದದ್ದು ಸಾಕುವ ವಿದ್ಯೆ. ಆ ವಿದ್ಯೆ ಉಳಿಯಲು ಬೇಟೆ ಬೇಕೇ ಬೇಕಾ ಅನ್ನುವುದು ನನ್ನ ಪ್ರಶ್ನೆ. ಹಾರಿಸಿ ಲ್ಯೂರ್ ತಿನ್ನಿಸಿದರೆ ಆಗದಾ?

ಚಾಣಕಣ್ಣು:

ತಡವಾಗಿ ಬಂದೆ. ಯಾರೂ ಹೇಳದ ಒಂದೆರಡು ವಿಷಯ.

ಎಲ್ಲವನ್ನೂ ಗಿಡುಗ ಅನ್ನುತ್ತಿದ್ದೇವೆ, ಆದರೆ ಎರಡು ಬೇರೆ ಬೇರೆ ಜಾತಿಗಳಿವೆ. ಬೈರಿ, ಸಾಕರ್, ಚಾಣ ಇವು ಒಂದು ಗುಂಪು: ಕಪ್ಪು ಕಣ್ಣು, ಉದ್ದ ಚೂಪು ರೆಕ್ಕೆ, ಬಯಲಿನ ಹಕ್ಕಿಗಳು. ಬೈರಿ ಮೇಲಿಂದ ಗಂಟೆಗೆ 300 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಬಂದು ಕಾಲಿನಿಂದ ಗುದ್ದುತ್ತದೆ, ಬೇಟೆ ಇನ್ನೂ ಜೀವಂತ ಇದ್ದರೆ ಕೊಕ್ಕಿನ ಹಲ್ಲಿನಂಥ ಮೂಲೆಯಿಂದ ಕತ್ತು ಕಚ್ಚಿ ಮುಗಿಸುತ್ತದೆ. ಬಾಜ್, ಶಿಕ್ರಾ, ಹ್ಯಾರಿಸ್ ಹಾಕ್ ಇವು ಇನ್ನೊಂದು ಗುಂಪು: ಗಿಡ್ಡ ರೆಕ್ಕೆ, ಉದ್ದ ಬಾಲ, ಮರಗಳ ನಡುವೆ ನುಸುಳಿ ಉಗುರಿನಿಂದ ಹಿಸುಕಿ ಕೊಲ್ಲುವವು. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಡಿಎನ್‌ಎ ನೋಡಿದಾಗ ಬೈರಿಯ ಗುಂಪು ಗಿಳಿಗಳಿಗೆ ಹತ್ತಿರ ಎಂದು ಗೊತ್ತಾಯಿತು. ಹೌದು, ಗಿಳಿ. ನಾನೂ ಎರಡು ಸಲ ಓದಿದೆ.

ಎಲ್ಲ ಕಡೆ ಹೆಣ್ಣೇ ದೊಡ್ಡದು. ಮಂಗೋಲಿಯಾದ ಬಯಾನ್ ಒಲ್ಗಿ ಕಡೆಯ ಕಜಕರು ಗೋಲ್ಡನ್ ಈಗಲ್ ಅನ್ನುವ ಭಾರಿ ಹದ್ದಿನಿಂದ ನರಿ ಬೇಟೆ ಆಡುತ್ತಾರೆ, ಅವರೂ ಹೆಣ್ಣನ್ನೇ ಆರಿಸುತ್ತಾರೆ. ಆರು ಕಿಲೋ ಹಕ್ಕಿಯನ್ನು ಕುದುರೆ ಮೇಲೆ ದಿನವಿಡೀ ಒಂದೇ ಕೈಯಲ್ಲಿ ಹೊರಲು ಆಗುವುದಿಲ್ಲ, ಹಾಗಾಗಿ ಜೀನಿಗೆ ಕವಲು ಕೋಲು ಸಿಕ್ಕಿಸಿ ಅದರ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಕೆಲವು ವರ್ಷ ಜೊತೆಗಿದ್ದ ಮೇಲೆ ಹಕ್ಕಿಯನ್ನು ಬೆಟ್ಟಕ್ಕೆ ಒಯ್ದು, ಮಾಂಸ ಇಟ್ಟು ಬಿಟ್ಟುಬರುವುದು ಅವರ ರೂಢಿ. ಅದು ಹೋಗಿ ಮರಿ ಮಾಡಲಿ ಎಂದು. ಕೆಲವು ಸಲ ಹಕ್ಕಿ ಹಿಂದೆಯೇ ಬರುತ್ತದಂತೆ, ಆಗ ಇನ್ನೂ ದೂರ ಹೋಗಿ ಬಿಡಬೇಕು. ಕೈಗವಸು ಅವರ ಲೆಕ್ಕದ ಸಿದ್ಧಾಂತಕ್ಕೆ ಇದು ಎಲ್ಲಿ ಹೊಂದುತ್ತದೆ, ಗೊತ್ತಿಲ್ಲ.

ಬೂದುರೆಕ್ಕೆ ಅವರ ಪ್ರಶ್ನೆಗೆ ಅರ್ಧ ಉತ್ತರ: ಕೊಲ್ಲದೆ ಕೆಲಸ ಮಾಡುವ ಗಿಡುಗಗಳೂ ಇವೆ. ವಿಮಾನ ನಿಲ್ದಾಣ, ದ್ರಾಕ್ಷಿ ತೋಟ, ಕಸದ ಗುಡ್ಡೆಗಳಲ್ಲಿ ಬೇರೆ ಹಕ್ಕಿಗಳನ್ನು ಓಡಿಸಲು ದಿನಾ ಹಾರಿಸುತ್ತಾರೆ. ವಿಂಬಲ್ಡನ್ ಟೆನಿಸ್ ಅಂಗಳದಲ್ಲಿ ಪಾರಿವಾಳ ಓಡಿಸಲು ರೂಫಸ್ ಎಂಬ ಹ್ಯಾರಿಸ್ ಹಾಕ್ ಇತ್ತಲ್ಲ. ಹ್ಯಾರಿಸ್ ಹಾಕ್ ಮಾತ್ರ ಗಿಡುಗಗಳಲ್ಲಿ ಅಪರೂಪದ್ದು, ಕಾಡಿನಲ್ಲೂ ಮನೆಮಂದಿ ಸೇರಿ ಗುಂಪಾಗಿ ಬೇಟೆ ಆಡುತ್ತದೆ. ಹೊಸಬರಿಗೆ ಅದು ಬೇಗ ಒಗ್ಗುವುದೂ ಅದಕ್ಕೇ ಇರಬೇಕು.

ಸುಮ್ನೆ_ಕೇಳ್ದೆ:

ಗಿಳಿ! ಇದನ್ನು ಮನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕೊನೆಯ ಪ್ರಶ್ನೆ, ನಗಬೇಡಿ. ನನ್ನಂಥವನು ಕಲಿಯಲು ಆಗುತ್ತದಾ?

ಕೈಗವಸು:

ನಗುವುದಿಲ್ಲ, ನಾನೂ ಕೇಳಿದ್ದೆ. ಅದು ನೀವು ಯಾವ ದೇಶದಲ್ಲಿದ್ದೀರಿ ಅನ್ನುವುದರ ಮೇಲೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗಿಡುಗ ಹಿಡಿಯುವಂತಿಲ್ಲ, ಅಲ್ಲಿಗೆ ಮಾತು ಮುಗಿಯಿತು. ಗಾಯಗೊಂಡ ಹಕ್ಕಿ ಸಿಕ್ಕಿದರೂ ಅರಣ್ಯ ಇಲಾಖೆಗೆ ತಿಳಿಸಬೇಕು, ಮನೆಯಲ್ಲಿ ಇಟ್ಟುಕೊಳ್ಳಬಾರದು. ಅಮೆರಿಕದಲ್ಲಿ ಪರೀಕ್ಷೆ ಬರೆದು ಶೇಕಡಾ 80 ಅಂಕ ತೆಗೆಯಬೇಕು, ಹಕ್ಕಿ ಮನೆಯನ್ನು ಅಧಿಕಾರಿಗಳು ಬಂದು ನೋಡುತ್ತಾರೆ, ಆಮೇಲೆ ಕನಿಷ್ಠ 2 ವರ್ಷ ಅನುಭವಸ್ಥರ ಕೈ ಕೆಳಗೆ ಶಿಷ್ಯನಾಗಿರಬೇಕು. ಅದೂ ಸರಿಯೇ. ರಜೆಗೆ ಊರಿಗೆ ಹೋಗುತ್ತೇನೆ, ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳುತ್ತೇನೆ ಅನ್ನುವ ಹಾಗಿಲ್ಲ. ವರ್ಷಕ್ಕೆ 365 ಬೆಳಿಗ್ಗೆ ತಕ್ಕಡಿ. ಅದು ಬೆಳಿಗ್ಗೆ ಉಗುಳಿದ ಉಂಡೆಯನ್ನು, ಅಂದರೆ ಅರಗದ ಮೂಳೆ, ಗರಿ, ರೋಮ ಸೇರಿದ ಉಂಡೆ, ಬೆರಳಲ್ಲಿ ಬಿಡಿಸಿ ಬಣ್ಣ ನೋಡಿ ವಾಸನೆ ನೋಡಿ ಹಕ್ಕಿ ಆರೋಗ್ಯವಾಗಿದೆಯಾ ಅಂತ ತಿಳಿಯಬೇಕು, ಕಾಫಿಗೂ ಮುಂಚೆ.

ಚಾಣಕಣ್ಣು ಅವರೇ, ಹಿಂದೆಯೇ ಬರುವ ಹದ್ದಿನ ವಿಷಯಕ್ಕೆ ನನ್ನಲ್ಲಿ ಉತ್ತರ ಇಲ್ಲ. ನಮ್ಮ ಯಜಮಾನರಾಗಿದ್ದರೆ ಬಹುಶಃ ಅಂದು ಅದರ ತೂಕ ಎಷ್ಟಿತ್ತು ಅಂತ ಕೇಳುತ್ತಿದ್ದರು.